ಬಿಸಿಗಾಳಿಯೋ, ಫಿಲ್ಟರೋ, ಯುವಿಯೋ, ಕಿಟಕಿಯೋ? ಕೋಣೆಯ ಗಾಳಿಯಿಂದ ವೈರಸ್ ಕಳೆಯಲು ಯಾವುದನ್ನು ಆರಿಸುವುದು

ಶಿವಮೊಗ್ಗದಲ್ಲಿ ನನ್ನ ಚಿಕ್ಕಪ್ಪನ ಮಗಳು ಹಲ್ಲಿನ ಡಾಕ್ಟರು. ಒಂದು ಸಂಜೆ ಫೋನ್ ಮಾಡಿದಳು. "ಅಣ್ಣಾ, ಒಬ್ಬ ಬಂದು ಕ್ಲಿನಿಕ್‌ನಲ್ಲಿ ಒಂದು ಮಷೀನ್ ಇಟ್ಟು ಹೋಗಿದಾನೆ. ಗಾಳೀನ ಒಳಗೆ ಎಳ್ಕೊಂಡು 200 ಡಿಗ್ರಿಗೆ ಕಾಯಿಸಿ ಬಿಡುತ್ತಂತೆ. ವೈರಸ್ಸೆಲ್ಲ ಸುಟ್ಟು ಬೂದಿ ಅಂತಾನೆ. ಫಿಲ್ಟರ್ ಬದಲಾಯಿಸೋ ಗೋಜೇ ಇಲ್ವಂತೆ. ತಗೊಳ್ಳಲಾ?"

"ಹಿಂದೆ ಸ್ಟಿಕರ್ ಇರುತ್ತೆ, ಎಷ್ಟು ವಾಟ್ ಅಂತ ನೋಡು."

"ನಲವತ್ತೈದು."

"ಫ್ಯಾನ್ ಇದೆಯಾ?"

"ಇಲ್ಲ. ಅದಕ್ಕೇ ಸದ್ದೇ ಇಲ್ಲ ಅಂತ ಅವನು ಹೊಗಳಿದ್ದು."

ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಟ್ಟಿತ್ತು. ಆದರೆ ಡಾಕ್ಟರಿಗೆ "ಬೇಡ" ಎಂದರೆ ಸಾಲದು, ಯಾಕೆ ಬೇಡ, ಬದಲಿಗೆ ಏನು ಎಂದೂ ಹೇಳಬೇಕು. ಕಟ್ಟಡಗಳಿಗೆ ಎಸಿ, ಡಕ್ಟ್ (ಗಾಳಿ ಸಾಗಿಸುವ ಕೊಳವೆ) ಹಾಕಿಸುವುದೇ ನನ್ನ ಕೆಲಸವಾದ್ದರಿಂದ ತಪ್ಪಿಸಿಕೊಳ್ಳುವ ಹಾಗೂ ಇರಲಿಲ್ಲ. ಆ ವಾರ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಕ್ಲಿನಿಕ್ ಇರಲಿ, ಟ್ಯೂಷನ್ ಕ್ಲಾಸ್ ಇರಲಿ, ಮನೆಯಲ್ಲಿ ಜ್ವರ ಬಂದವರ ಕೋಣೆ ಇರಲಿ, ಲೆಕ್ಕ ಒಂದೇ.

ಬಿಸಿಗೆ ವೈರಸ್ ನಾಶವಾಗುತ್ತದೆಯೇ? ಆಗುತ್ತದೆ

ಇದರಲ್ಲಿ ಆ ಮಾರುವವನು ಸುಳ್ಳು ಹೇಳಿರಲಿಲ್ಲ. ವೈರಸ್ಸಿನ ಹೊರಮೈಯಲ್ಲಿ ಪ್ರೋಟೀನು ಇರುತ್ತದೆ. ಮೊಟ್ಟೆಯ ಬಿಳಿ ಬಾಣಲೆಯಲ್ಲಿ ಗಟ್ಟಿಯಾಗುವ ಹಾಗೆ ಆ ಪ್ರೋಟೀನೂ ಬಿಸಿಗೆ ತನ್ನ ಆಕಾರ ಕಳೆದುಕೊಳ್ಳುತ್ತದೆ, ಆಮೇಲೆ ಅದಕ್ಕೆ ಜೀವಕೋಶದೊಳಗೆ ನುಗ್ಗಲು ಬರುವುದಿಲ್ಲ. ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಲಿಗಳಿಗೆ ಬರುವ ಒಂದು ಕೊರೊನಾ ವೈರಸ್ಸನ್ನು ಸುಮಾರು 72 ಡಿಗ್ರಿ ಸೆಲ್ಸಿಯಸ್‌ಗೆ ಅರ್ಧ ಸೆಕೆಂಡ್ ಮಾತ್ರ ಕಾಯಿಸಿದರೂ ಲಕ್ಷಕ್ಕೆ ಒಂದರಷ್ಟೇ ಉಳಿಯಿತು. ಅದಕ್ಕೂ ಮೊದಲು, 2020ರಲ್ಲಿ, ಹ್ಯೂಸ್ಟನ್ ವಿಶ್ವವಿದ್ಯಾಲಯದವರು ನೊರೆಯಂತೆ ತೂತುತೂತಾದ ನಿಕಲ್ ಹಾಳೆಯನ್ನು ಮಡಿಕೆ ಮಡಿಕೆಯಾಗಿ ಜೋಡಿಸಿ, ಅದರಲ್ಲೇ ಕರೆಂಟ್ ಹರಿಸಿ 200 ಡಿಗ್ರಿಗೆ ಕಾಯಿಸಿದ್ದರು. ಅದರ ಮೂಲಕ ಒಂದೇ ಸಲ ಹಾದುಹೋದ ಗಾಳಿಯಲ್ಲಿ ಕೋವಿಡ್ ವೈರಸ್ 99.8% ನಿಷ್ಕ್ರಿಯವಾಯಿತು. ಮಾರುವವರ ಕೈಯಲ್ಲಿರುವ ಬಣ್ಣದ ಕಾಗದಗಳಲ್ಲಿ ಇಂಥ ಅಂಕಿಗಳೇ ಸುತ್ತಾಡುತ್ತಿರುತ್ತವೆ.

ಆದರೆ ಮೊದಲ ಪ್ರಯೋಗ ನಡೆದದ್ದು ಕೊಳವೆಯಲ್ಲಿ ಹರಿಯುವ ದ್ರವದಲ್ಲಿ, ಗಾಳಿಯಲ್ಲಿ ಅಲ್ಲ. ಇದು ಸಣ್ಣ ವ್ಯತ್ಯಾಸವಲ್ಲ. ಒದ್ದೆ ಬಿಸಿ ಬೇರೆ, ಒಣ ಬಿಸಿ ಬೇರೆ. ಆಸ್ಪತ್ರೆಯ ಆಟೋಕ್ಲೇವ್‌ನಲ್ಲಿ ಹಬೆಯಿಂದ 121 ಡಿಗ್ರಿಗೆ 15 ನಿಮಿಷ ಸಾಕು. ಅದೇ ಉಪಕರಣವನ್ನು ಒಣ ಓವನ್‌ನಲ್ಲಿಟ್ಟರೆ 160 ಡಿಗ್ರಿಗೆ ಎರಡು ಗಂಟೆ ಬೇಕು. ಇದನ್ನು ನನ್ನ ತಂಗಿಗೆ ಹೇಳಬೇಕಾಗಿರಲಿಲ್ಲ, ಅವಳ ಕ್ಲಿನಿಕ್‌ನ ಮೂಲೆಯಲ್ಲೇ ಆಟೋಕ್ಲೇವ್ ಇದೆ. ಕೆಮ್ಮಿದಾಗ ಹಾರಿದ ಹನಿ ಬಿಸಿಗಾಳಿಗೆ ಸಿಕ್ಕರೆ ಕ್ಷಣದಲ್ಲಿ ಒಣಗುತ್ತದೆ. ಒಣಗಿದ ಪ್ರೋಟೀನು ಬಿಸಿಯನ್ನು ಹೆಚ್ಚು ತಡೆದುಕೊಳ್ಳುತ್ತದೆ. ಹಾಗಾಗಿ ಹರಿಯುವ ಒಣ ಗಾಳಿಯಲ್ಲಿ ಸೆಕೆಂಡಿನೊಳಗೆ ಕೆಲಸ ಮುಗಿಯಬೇಕಾದರೆ ನೂರು ಡಿಗ್ರಿಯನ್ನು ಚೆನ್ನಾಗಿಯೇ ದಾಟಬೇಕು ಎಂದು ಹಿಡಿದುಕೊಳ್ಳುವುದು ಕ್ಷೇಮ.

(ವೈರಸ್ "ಸಾಯುತ್ತದೆ" ಎನ್ನಬಾರದು, "ನಿಷ್ಕ್ರಿಯವಾಗುತ್ತದೆ" ಎನ್ನಬೇಕು ಎಂದು ತಿದ್ದುವವರಿದ್ದಾರೆ. ಸರಿಯೇ. ನಾನು ಮುಂದೆ ಎರಡನ್ನೂ ಬಳಸುತ್ತೇನೆ.)

ಎಷ್ಟು ಗಾಳಿ ಎನ್ನುವುದೇ ಪ್ರಶ್ನೆ

ಯಂತ್ರದೊಳಗೆ ಹೋದ ವೈರಸ್ ಸಾಯುತ್ತದೆ, ಒಪ್ಪೋಣ. ಕೋಣೆಯ ಗಾಳಿಯಲ್ಲಿ ಎಷ್ಟು ಪಾಲು ಅದರೊಳಗೆ ಹೋಗುತ್ತದೆ?

ಅವಳ ಕ್ಲಿನಿಕ್‌ನ ಮುಂಗೋಣೆ 10 ಅಡಿಗೆ 12 ಅಡಿ, ಎತ್ತರ 10 ಅಡಿ. ಅಂದರೆ 1,200 ಘನ ಅಡಿ, ಸುಮಾರು 34 ಘನ ಮೀಟರ್. ಗಾಳಿಗೂ ತೂಕವಿದೆ. ಘನ ಮೀಟರಿಗೆ 1.2 ಕೆಜಿಯಂತೆ ಆ ಕೋಣೆಯಲ್ಲಿ 40 ಕೆಜಿ ಗಾಳಿ ಇದೆ. ಒಂದು ಕೆಜಿ ಗಾಳಿಯನ್ನು ಒಂದು ಡಿಗ್ರಿ ಕಾಯಿಸಲು ಸುಮಾರು ಒಂದು ಕಿಲೋಜೂಲ್ ಬೇಕು. 30 ಡಿಗ್ರಿಯಿಂದ 80ಕ್ಕೆ ಏರಿಸಲು 40ನ್ನು 50ರಿಂದ ಗುಣಿಸಿ: 2,000 ಕಿಲೋಜೂಲ್. ಕರೆಂಟ್ ಭಾಷೆಯಲ್ಲಿ 0.56 ಯೂನಿಟ್. ಇದು ಕೋಣೆಯ ಗಾಳಿಯನ್ನು ಒಂದೇ ಒಂದು ಸಲ ಕಾಯಿಸುವ ಲೆಕ್ಕ.

ಒಂದು ಸಲ ಸಾಲದು. ಕೋಣೆಯಲ್ಲಿ ಕೂತವರು ಉಸಿರಾಡುತ್ತಲೇ ಇರುತ್ತಾರೆ. ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಸ್ಥೆ ಸಿಡಿಸಿ 2023ರಲ್ಲಿ ಸಾಮಾನ್ಯ ಕಟ್ಟಡಗಳಿಗೂ ಗಂಟೆಗೆ ಕನಿಷ್ಠ 5 ಸಲ ಕೋಣೆಯಷ್ಟು ಶುದ್ಧ ಗಾಳಿ ಬೇಕು ಎಂದಿತು. ಕ್ಲಿನಿಕ್ ಆದ್ದರಿಂದ ನಾವು 6 ಇಟ್ಟುಕೊಂಡೆವು. 0.56ರ ಆರು ಪಟ್ಟು ಅಂದರೆ 3.3 ಕಿಲೋವಾಟ್, ಅದೂ ಎಡೆಬಿಡದೆ. ಎಂಟು ಗಂಟೆಗೆ 27 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ ದಿನಕ್ಕೆ 216. ತಿಂಗಳಲ್ಲಿ 26 ದಿನ ಕ್ಲಿನಿಕ್ ತೆರೆದರೆ ಮೆಸ್ಕಾಂ ಬಿಲ್ಲಿಗೆ 5,600 ರೂಪಾಯಿ ಸೇರಿತು. ಆ 3.3 ಕಿಲೋವಾಟ್ ಬಿಸಿಯೂ ಎಲ್ಲಿಗೂ ಹೋಗುವುದಿಲ್ಲ, ಕೋಣೆಯಲ್ಲೇ ಬೀಳುತ್ತದೆ. ಒಂದು ಟನ್ ಎಸಿ ತೆಗೆದುಹಾಕುವ ಬಿಸಿ 3.5 ಕಿಲೋವಾಟ್. ಅಂದರೆ ಕಾಯಿಸಲು ಒಂದು ಬಿಲ್, ಕಾಯಿಸಿದ್ದನ್ನು ತಣಿಸಲು ಇನ್ನೊಂದು ಎಸಿ, ಇನ್ನೊಂದು ಬಿಲ್. ಇದು 80 ಡಿಗ್ರಿಯ ಲೆಕ್ಕ. ಎಲ್ಲ ಗಾಳಿಯನ್ನೂ ನಿಜವಾಗಿ 200 ಡಿಗ್ರಿಗೆ ಕೊಂಡೊಯ್ಯುವುದಾದರೆ 11 ಕಿಲೋವಾಟ್ ದಾಟುತ್ತದೆ. ಅದು ಕ್ಲಿನಿಕ್ ಅಲ್ಲ, ಬೇಕರಿಯ ಭಟ್ಟಿ.

ಈಗ ಆ 45 ವಾಟ್‌ನ ಡಬ್ಬಿಗೆ ಬನ್ನಿ. ಅದೇ ಲೆಕ್ಕವನ್ನು ತಿರುಗಿಸಿ ಹಾಕಿ. 45 ವಾಟ್‌ನಲ್ಲಿ ಗಾಳಿಯನ್ನು 50 ಡಿಗ್ರಿ ಏರಿಸುವುದಾದರೆ ಸೆಕೆಂಡಿಗೆ ಮುಕ್ಕಾಲು ಲೀಟರ್ ಗಾಳಿ ಮಾತ್ರ ಸಾಧ್ಯ. ಗಂಟೆಗೆ 2.7 ಘನ ಮೀಟರ್. 34 ಘನ ಮೀಟರಿನ ಕೋಣೆಯಷ್ಟು ಗಾಳಿ ಅದರ ಹೊಟ್ಟೆಯಲ್ಲಿ ಒಮ್ಮೆ ಹಾದುಬರಲು ಹನ್ನೆರಡೂವರೆ ಗಂಟೆ. ನಿಜಕ್ಕೂ 200 ಡಿಗ್ರಿಗೆ ಕಾಯಿಸುತ್ತದೆ ಎಂದರೆ 43 ಗಂಟೆ. ಬೆಳಿಗ್ಗೆ ಬಂದು ಕೆಮ್ಮಿದ ರೋಗಿ ಅಷ್ಟರಲ್ಲಿ ಗುಣವಾಗಿ ಎರಡನೇ ಸಿಟ್ಟಿಂಗ್‌ಗೆ ಬಂದಿರುತ್ತಾನೆ.

ಭಾನುವಾರ ಹೋದಾಗ ಊದುಬತ್ತಿ ಹಚ್ಚಿ ನೋಡಿದೆವು. ಯಂತ್ರದ ನೆತ್ತಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದರೆ ಹೊಗೆ ಸ್ವಲ್ಪ ನೇರವಾಗಿ ಮೇಲೇರುತ್ತಿತ್ತು, ಬಿಸಿ ಬರುತ್ತಿದೆ ಎಂಬುದಕ್ಕೆ ಗುರುತು. ಕೆಳಗಿನ ಕಿಂಡಿಯ ಹತ್ತಿರ ಹಿಡಿದರೆ ನೂಲಿನಂತೆ ಒಂದೆಳೆ ಒಳಗೆ ಹೋಯಿತು. ಒಂದು ಅಡಿ ಆಚೆ ಸರಿದರೆ ಹೊಗೆಗೆ ಆ ಯಂತ್ರ ಇದೆ ಎಂಬುದೇ ಗೊತ್ತಿಲ್ಲ. ಸೀಲಿಂಗ್ ಫ್ಯಾನ್ ಹಾಕಿದ ಮೇಲಂತೂ ಆ ಒಂದೆಳೆಯೂ ಚದುರಿಹೋಯಿತು.

ಅದಕ್ಕೇ ಯಾವ ಯಂತ್ರ ಬಂದರೂ ಕೇಳಬೇಕಾದ ಮೊದಲ ಮಾತು: ಗಂಟೆಗೆ ಎಷ್ಟು ಘನ ಮೀಟರ್? "99.99%" ಎಂಬುದು ಆಮೇಲೆ. ನೂರಕ್ಕೆ ನೂರು ಕೊಂದು ಗಂಟೆಗೆ 3 ಘನ ಮೀಟರ್ ಕೊಡುವ ಯಂತ್ರಕ್ಕಿಂತ, ನೂರಕ್ಕೆ ಎಂಬತ್ತು ಹಿಡಿದು ಗಂಟೆಗೆ 300 ಕೊಡುವುದು ಎಂಬತ್ತು ಪಟ್ಟು ಮೇಲು.

ಹಾಗಾದರೆ ಬಿಸಿ ಎಲ್ಲಿ ಗೆಲ್ಲುತ್ತದೆ

ಕಾಯಿಸುವ ವಿಧಾನವನ್ನೇ ಹೀಗಳೆಯುತ್ತಿಲ್ಲ. ಡೇರಿಗಳಲ್ಲಿ ಹಾಲನ್ನು 72 ಡಿಗ್ರಿಗೆ 15 ಸೆಕೆಂಡ್ ಕಾಯಿಸುತ್ತಾರೆ. ಅಷ್ಟು ಲಕ್ಷ ಲೀಟರ್ ಕಾಯಿಸಿಯೂ ಡೇರಿ ದಿವಾಳಿ ಏಳದಿರುವುದಕ್ಕೆ ಕಾರಣ, ಕಾದು ಹೊರಬರುವ ಹಾಲು ತೆಳುವಾದ ಸ್ಟೀಲ್ ತಗಡುಗಳ ಆಚೆ ಬದಿಯಲ್ಲಿ ಹರಿಯುತ್ತ ಒಳಬರುವ ತಣ್ಣನೆ ಹಾಲಿಗೆ ತನ್ನ ಬಿಸಿಯನ್ನು ದಾಟಿಸಿಬಿಡುತ್ತದೆ. ಗಾಳಿಗೂ ಹೀಗೇ ಮಾಡಬಹುದು. ಬಿಸಿಯಲ್ಲಿ ನೂರಕ್ಕೆ 80 ಪಾಲು ಮರಳಿ ಪಡೆದರೆ ನಮ್ಮ 3.3 ಕಿಲೋವಾಟ್ 670 ವಾಟ್‌ಗೆ ಇಳಿಯುತ್ತದೆ. ಆದರೆ ಗಾಳಿಯಿಂದ ಗಾಳಿಗೆ ಬಿಸಿ ದಾಟಿಸಲು ದೊಡ್ಡ ಮೈಯ ವಿನಿಮಯಕ ಬೇಕು, ಡಕ್ಟ್ ಬೇಕು, ಫ್ಯಾನ್ ಬೇಕು. ಮೇಜಿನ ಮೇಲಿಡುವ ಮಾತಲ್ಲ. ಯಾರಾದರೂ ಬಿಸಿಗಾಳಿಯ ಯಂತ್ರ ತಂದರೆ, ಬಿಸಿಯನ್ನು ವಾಪಸ್ ಪಡೆಯುವ ವ್ಯವಸ್ಥೆ ಒಳಗಿದೆಯೇ ಎಂದು ಕೇಳಿ. ಹೊರಬರುವ ಗಾಳಿ ಉಗುರುಬೆಚ್ಚಗಿದ್ದು, ಒಳಗೆ 150 ಡಿಗ್ರಿ ಇದೆ ಎಂದು ತೋರಿಸಿದರೆ ಮಾತು ಮುಂದುವರಿಸಬಹುದು.

ವಿಮಾನದಲ್ಲಿ ಈ ಬಿಸಿ ಪುಕ್ಕಟೆ ಸಿಗುತ್ತದೆ. ಹೆಚ್ಚಿನ ಜೆಟ್ ವಿಮಾನಗಳು ಕ್ಯಾಬಿನ್ನಿಗೆ ಬೇಕಾದ ಹೊರಗಿನ ಗಾಳಿಯನ್ನು ಎಂಜಿನ್ನಿನ ಕಂಪ್ರೆಸರ್‌ನಿಂದ ತೆಗೆಯುತ್ತವೆ. ಒತ್ತಡಕ್ಕೆ ಸಿಕ್ಕಿ ಅದು ಇನ್ನೂರು ಡಿಗ್ರಿಯ ಆಸುಪಾಸು ಕಾದಿರುತ್ತದೆ, ಆಮೇಲೆ ತಣಿಸಿ ಒಳಬಿಡುತ್ತಾರೆ. ಬೋಯಿಂಗ್ 787 ಇದಕ್ಕೆ ಹೊರತು, ಅದರದು ಕರೆಂಟಿನ ಕಂಪ್ರೆಸರ್. ಗಮನಿಸಿ, ಅಂಥ ವಿಮಾನದಲ್ಲೂ ಪ್ರಯಾಣಿಕರು ಉಸಿರಾಡಿ ಬಿಟ್ಟ ಗಾಳಿಯನ್ನು ಮರುಬಳಸುವಾಗ ಕಾಯಿಸುವುದಿಲ್ಲ, ಹೆಪಾ ಫಿಲ್ಟರಿನಲ್ಲಿ ಸೋಸುತ್ತಾರೆ.

ಖಾಲಿ ಜಾಗಕ್ಕೂ ಬಿಸಿ ಒಳ್ಳೆಯದು. 2020ರಲ್ಲಿ ಫೋರ್ಡ್ ಕಂಪನಿ ಅಮೆರಿಕದ ಪೊಲೀಸ್ ಕಾರುಗಳಿಗೆ ಒಂದು ಸಾಫ್ಟ್‌ವೇರ್ ಕೊಟ್ಟಿತು. ಕಾರಿನಲ್ಲಿ ಯಾರೂ ಇಲ್ಲದಾಗ ಎಂಜಿನ್ನಿನ ಬಿಸಿಯನ್ನೇ ತಿರುಗಿಸಿ ಒಳಗನ್ನು 56 ಡಿಗ್ರಿಗೆ ಏರಿಸಿ 15 ನಿಮಿಷ ಹಿಡಿದಿಡುವ ವ್ಯವಸ್ಥೆ ಅದು. ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ ಬಿಸಿಲಿಗೆ ಕಾರು ನಿಲ್ಲಿಸಿ ಹೋದವರಿಗೆ ಇದಕ್ಕೆ ಸಾಫ್ಟ್‌ವೇರ್ ಯಾಕೆ ಬೇಕು ಎನಿಸಬಹುದು. ಬಿಸಿ ಕಡಿಮೆ, ಸಮಯ ಹೆಚ್ಚು, ಒಳಗೆ ಜನ ಇಲ್ಲ: ಈ ಮೂರೂ ಸೇರಿದಾಗ ಕೆಲಸ ಸುಲಭ. ಜನ ಕೂತಿರುವ ಕೋಣೆಯಲ್ಲಿ ಮೂರೂ ತಲೆಕೆಳಗು.

ಇನ್ನೊಂದು ಪಾಠ ಔಷಧ ಕಾರ್ಖಾನೆಗಳದ್ದು. ಪೆನಿಸಿಲಿನ್, ಎನ್‌ಜೈಮ್ ಇವನ್ನೆಲ್ಲ ಹುದುಗಿಸುವ ದೊಡ್ಡ ತೊಟ್ಟಿಗಳಿಗೆ ಒಂದು ಸೂಕ್ಷ್ಮಾಣುವೂ ಇಲ್ಲದ ಗಾಳಿ ಬೇಕು, ಅದೂ ಹಗಲೂ ರಾತ್ರಿ. ಕಾಯಿಸಿ ಶುದ್ಧ ಮಾಡಬಹುದೆಂದು ಅವರಿಗೆ ಮೊದಲಿನಿಂದಲೂ ಗೊತ್ತು. ಆದರೂ ಆ ಉದ್ಯಮ ನೆಚ್ಚಿಕೊಂಡಿರುವುದು ಫಿಲ್ಟರನ್ನು. ಕಾಯಿಸುವ ಖರ್ಚು ತಡೆಯುವುದಿಲ್ಲ.

ಟೊರಾಂಟೋ, ಷಿಕಾಗೋ ಕಡೆ ಇರುವ ನಮ್ಮವರು "ನಮಗೆ ಜನವರಿಯಲ್ಲಿ ಹೇಗೂ ಮನೆ ಕಾಯಿಸಲೇಬೇಕಲ್ಲ" ಎನ್ನಬಹುದು. ನಿಜ, ಅಲ್ಲಿ ಆ ಬಿಸಿ ದಂಡವಲ್ಲ. ಆದರೆ ಮನೆಯ ಫರ್ನೇಸ್‌ನಿಂದ ಬರುವ ಗಾಳಿ ವೈರಸ್ ನಾಶಮಾಡುವಷ್ಟು ಬಿಸಿ ಇರುವುದಿಲ್ಲ. ಅದೇ ಫರ್ನೇಸ್‌ಗೆ ಮರ್ವ್-13 ದರ್ಜೆಯ (ಸಣ್ಣ ಕಣಗಳನ್ನೂ ಹಿಡಿಯುವ) ಫಿಲ್ಟರ್ ಹಾಕಿಸುವುದು ಸುಲಭದ ದಾರಿ.

ಕಿಟಕಿ, ಎಕ್ಸಾಸ್ಟ್ ಫ್ಯಾನ್

ನನ್ನ ಮೊದಲ ಆಯ್ಕೆ ಯಾವಾಗಲೂ ಇದು. ಹೊರಗಿನ ಗಾಳಿ ತಂದು ಒಳಗಿನದನ್ನು ಹೊರಹಾಕುವುದಕ್ಕೆ ಯಾವ ಯಂತ್ರವೂ ಸಾಟಿಯಿಲ್ಲ. ವೈರಸ್ಸಷ್ಟೇ ಅಲ್ಲ, ಬೆವರು ವಾಸನೆ, ಸ್ಪಿರಿಟ್ ಘಾಟು, ಕಾರ್ಬನ್ ಡೈಆಕ್ಸೈಡ್ ಎಲ್ಲವೂ ಹೋಗುತ್ತವೆ. ಪೆರುವಿನ ಲಿಮಾ ನಗರದ ಆಸ್ಪತ್ರೆಗಳಲ್ಲಿ ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಿಟಕಿ ಬಾಗಿಲು ತೆರೆದಿಟ್ಟ ಕೋಣೆಗಳಲ್ಲಿ ಗಂಟೆಗೆ ಸರಾಸರಿ 28 ಸಲ ಗಾಳಿ ಬದಲಾಗುತ್ತಿತ್ತು. 1950ಕ್ಕಿಂತ ಹಳೆಯ, ಎತ್ತರದ ಚಾವಣಿಯ, ದೊಡ್ಡ ಕಿಟಕಿಯ ಕಟ್ಟಡಗಳಲ್ಲಿ 40. ಯಂತ್ರದಿಂದ ಗಾಳಿಯಾಡಿಸಲು ವಿನ್ಯಾಸ ಮಾಡಿದ ಕೋಣೆಗಳ ಲೆಕ್ಕ 12. ನಮ್ಮ ಹಳೆಯ ಜಿಲ್ಲಾಸ್ಪತ್ರೆಗಳ ಉದ್ದನೆ ಜಗಲಿ, ಗೋಡೆಯ ತಲೆಯಲ್ಲಿ ಹಗ್ಗ ಎಳೆದು ತೆರೆಯುವ ವೆಂಟಿಲೇಟರುಗಳನ್ನು ನೆನಪಿಸಿಕೊಳ್ಳಿ. ಕಟ್ಟಿದವರಿಗೆ ವಿಷಯ ಗೊತ್ತಿತ್ತು. ಎಸಿ ಬಂದ ಮೇಲೆ ನಾವೇ ಆ ವೆಂಟಿಲೇಟರಿಗೆ ಹಲಗೆ ಬಡಿದೆವು, ಅದರಲ್ಲಿ ಕೆಲವು ಹಲಗೆ ನನ್ನ ಹುಡುಗರೇ ಬಡಿದದ್ದು.

ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುತ್ತದೆ ಎಂದು ನಂಬಿರುವವರು ಇನ್ನೂ ಬಹಳ ಜನ. ತರುವುದಿಲ್ಲ. ಹೊರಗಿನ ಡಬ್ಬಿಗೂ ಒಳಗಿನ ಡಬ್ಬಿಗೂ ನಡುವೆ ಓಡಾಡುವುದು ಗ್ಯಾಸ್, ಗಾಳಿ ಅಲ್ಲ. ಒಳಗಿನ ಗಾಳಿಯನ್ನೇ ಸುತ್ತಿ ಸುತ್ತಿ ತಣ್ಣಗೆ ಮಾಡುತ್ತದೆ.

ಕಿಟಕಿಗೆ ಅಡ್ಡಿಗಳೂ ಇವೆ. ಶಿವಮೊಗ್ಗದಲ್ಲಿ ಸಂಜೆ ಆರಕ್ಕೆ ಕಿಟಕಿ ತೆರೆದರೆ ಸೊಳ್ಳೆ. ಜುಲೈನಲ್ಲಿ ಎರಚಲು. ಮುಖ್ಯರಸ್ತೆಯ ಅಂಗಡಿಯಾದರೆ ಧೂಳು, ಹಾರ್ನ್. ಅದಕ್ಕೆ ಮದ್ದು ಎಕ್ಸಾಸ್ಟ್ ಫ್ಯಾನ್ ಮತ್ತು ಗಾಳಿ ಒಳಬರಲು ಇನ್ನೊಂದು ದಾರಿಗೆ ಜಾಲರಿ. ಸಾಧಾರಣ ಎಕ್ಸಾಸ್ಟ್ ಫ್ಯಾನ್ ಗಂಟೆಗೆ ನೂರಾರು ಘನ ಮೀಟರ್ ಎಳೆಯುತ್ತದೆ, ಡಬ್ಬದ ಮೇಲೆ ಅಂಕಿ ಇರುತ್ತದೆ, ಓದಿ ತನ್ನಿ. ನಮಗೆ ಬೇಕಾದದ್ದು 34ರ ಆರು ಪಟ್ಟು, 204. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಅಳತೆ ತಲೆಗೆ ಸೆಕೆಂಡಿಗೆ 10 ಲೀಟರ್. ಎಂಟು ಜನ ಕೂತಿದ್ದರೆ ಗಂಟೆಗೆ 288 ಘನ ಮೀಟರ್ ಆಯಿತು. ಜನ ಹೆಚ್ಚಿರುವ ಸಣ್ಣ ಕೋಣೆಯಲ್ಲಿ ಕೋಣೆಯ ಲೆಕ್ಕಕ್ಕಿಂತ ತಲೆಯ ಲೆಕ್ಕವೇ ಹೆಚ್ಚು ಬರುತ್ತದೆ, ಹೆಚ್ಚಿನದನ್ನೇ ಹಿಡಿಯಿರಿ.

ಇಲ್ಲೊಂದು ಎಡವಟ್ಟು ನಾವೇ ಮಾಡಿಕೊಂಡೆವು. ಎಕ್ಸಾಸ್ಟ್ ಹಾಕಿ, ಕಿಟಕಿಗಳನ್ನೆಲ್ಲ ಭದ್ರ ಮುಚ್ಚಿ ಸ್ವಿಚ್ ಒತ್ತಿದ ಐದು ನಿಮಿಷಕ್ಕೆ ಇಡೀ ಕ್ಲಿನಿಕ್ ಟಾಯ್ಲೆಟ್ ವಾಸನೆ. ಫ್ಯಾನ್ ಗಾಳಿಯನ್ನು ಹೊರದಬ್ಬುತ್ತದೆ, ಅಷ್ಟೇ ಗಾಳಿ ಎಲ್ಲಿಂದಾದರೂ ಒಳಬರಲೇಬೇಕು. ಹತ್ತಿರದ ದಾರಿ ಟಾಯ್ಲೆಟ್ ಬಾಗಿಲ ಸಂದಿಯಾಗಿತ್ತು. ಊದುಬತ್ತಿ ಹಿಡಿದರೆ ಹೊಗೆ ಅಲ್ಲಿಂದ ಮುಂಗೋಣೆಗೆ ಹರಿದು ಬರುವುದು ಕಣ್ಣಿಗೇ ಕಂಡಿತು. ಎದುರು ಗೋಡೆಯ ವೆಂಟಿಲೇಟರಿನ ಹಲಗೆ ಕಿತ್ತು ಸೊಳ್ಳೆ ಜಾಲರಿ ಹಾಕಿದ ಮೇಲೆ ದಾರಿ ಬದಲಾಯಿತು.

ಗಾಳಿ ಸಾಕಾಗುತ್ತಿದೆಯೇ ಎಂದು ತಿಳಿಯಲು ಕಾರ್ಬನ್ ಡೈಆಕ್ಸೈಡ್ ಮೀಟರ್ ಒಳ್ಳೆಯ ಸಾಧನ. ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವ ಎನ್‌ಡಿಐಆರ್ ಸೆನ್ಸರ್ ಇರುವುದನ್ನೇ ಕೊಳ್ಳಿ, ಅಗ್ಗದವು ಏನೇನೋ ತೋರಿಸುತ್ತವೆ. ಹೊರಗೆ 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 420) ಆಸುಪಾಸು ಇರುತ್ತದೆ. ಒಳಗೆ 800ರೊಳಗಿದ್ದರೆ ನನಗೆ ಸಮಾಧಾನ. ಆದರೆ ಇದು ಕಿಟಕಿ ಮತ್ತು ಎಕ್ಸಾಸ್ಟನ್ನು ಮಾತ್ರ ಅಳೆಯುತ್ತದೆ. ಹೆಪಾ ಓಡಿಸಿದರೂ ಯುವಿ ಹಚ್ಚಿದರೂ ಈ ಅಂಕಿ ಇಳಿಯುವುದಿಲ್ಲ.

ಹೆಪಾ ಫಿಲ್ಟರ್

ಕಿಟಕಿ ತೆರೆಯಲಾಗದ ಕೋಣೆಗೆ ಇದೇ ಸರಿ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97% ಹಿಡಿಯುವುದಕ್ಕೆ ಹೆಪಾ ಎಂದು ಹೆಸರು. "ವೈರಸ್ 0.1 ಮೈಕ್ರಾನ್, ನುಸುಳಿ ಹೋಗುವುದಿಲ್ಲವೇ?" ಎಂದು ಕೇಳುತ್ತಾರೆ. ಹೋಗುವುದಿಲ್ಲ. ಫಿಲ್ಟರ್ ಎಂದರೆ ಜರಡಿ ಅಲ್ಲ, ನಾರುಗಳ ಪೊದೆ. ದೊಡ್ಡ ಕಣ ನೇರ ಹೋಗಿ ಡಿಕ್ಕಿ ಹೊಡೆಯುತ್ತದೆ, ತೀರಾ ಸಣ್ಣದು ಕುಡಿದವನಂತೆ ಓಲಾಡುತ್ತ ಹೋಗಿ ನಾರಿಗೆ ಅಂಟುತ್ತದೆ. ನಡುವಿನ 0.3ರ ಸುತ್ತಮುತ್ತಲಿನದೇ ಹಿಡಿಯಲು ಕಷ್ಟ, ಅದಕ್ಕೇ ಪರೀಕ್ಷೆಗೆ ಅದನ್ನು ಇಟ್ಟದ್ದು. ಜೊತೆಗೆ ವೈರಸ್ ಗಾಳಿಯಲ್ಲಿ ಬರಿಮೈಯಲ್ಲಿ ಹಾರುವುದಿಲ್ಲ, ಉಗುಳು ಕಫದ ಕಣದಲ್ಲಿ ಕೂತು ಬರುತ್ತದೆ.

ಕೊಳ್ಳುವಾಗ ನೋಡಬೇಕಾದ್ದು ಸಿಎಡಿಆರ್, ಅಂದರೆ ಗಂಟೆಗೆ ಎಷ್ಟು ಶುದ್ಧ ಗಾಳಿ. ಗಂಟೆಗೆ ಆರು ಸಲದ ಲೆಕ್ಕಕ್ಕೆ 250 ಘನ ಮೀಟರಿನ ಪ್ಯೂರಿಫೈಯರ್ ನಮ್ಮ ಕೋಣೆಗೆ ಸಾಕು. ಅದು 50 ವಾಟ್ ತಿಂದರೆ ಎಂಟು ಗಂಟೆಗೆ 0.4 ಯೂನಿಟ್. ಅದೇ ಕೆಲಸಕ್ಕೆ ಬಿಸಿಗಾಳಿಯ 27 ಯೂನಿಟ್ ಪಕ್ಕದಲ್ಲಿಟ್ಟು ನೋಡಿ. ಫಿಲ್ಟರ್ ಬದಲಿಸುವ ಖರ್ಚನ್ನು ಸೇರಿಸಿದರೂ ತಕ್ಕಡಿ ವಾಲುವ ದಿಕ್ಕು ಬದಲಾಗದು. "ಹೆಪಾ ಟೈಪ್", "ಹೆಪಾ ಲೈಕ್" ಎಂದು ಬರೆದದ್ದನ್ನು ಮುಟ್ಟಬೇಡಿ. ತಂದ ಮೇಲೆ ಸೋಫಾದ ಹಿಂದೆ ತುರುಕಬೇಡಿ, ಸುತ್ತ ಒಂದೆರಡು ಅಡಿ ಬಿಡಿ. ಮುಂದಿನ ಜಾಲರಿಯನ್ನು ತಿಂಗಳಿಗೊಮ್ಮೆ ಒರೆಸದಿದ್ದರೆ ನಮ್ಮ ಧೂಳಿಗೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಕಡಿಮೆ ಖರ್ಚಿನ ದಾರಿ ಬೇಕಾದರೆ 2020ರಲ್ಲಿ ಅಮೆರಿಕದ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂಥಾಲ್ ಸೇರಿ ರೂಪಿಸಿದ ಪೆಟ್ಟಿಗೆ ಇದೆ: ನಾಲ್ಕು ಬದಿಗೆ ಮರ್ವ್-13 ಫಿಲ್ಟರ್, ನೆತ್ತಿಗೆ ಚೌಕದ ಫ್ಯಾನ್, ಸುತ್ತ ಟೇಪು. ಅಲ್ಲಿನ ಬಾಕ್ಸ್ ಫ್ಯಾನ್ ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಎಕ್ಸಾಸ್ಟ್ ಫ್ಯಾನ್ ಕೂರಿಸಿ ಮಾಡಬಹುದು. ಟೇಬಲ್ ಫ್ಯಾನ್ ಮುಂದೆ ಒಂದು ಹೆಪಾ ಕಟ್ಟುವುದು ಮಾತ್ರ ದಂಡ, ಗಾಳಿ ಫಿಲ್ಟರನ್ನು ತೂರದೆ ಪಕ್ಕದಿಂದ ಜಾರಿಕೊಳ್ಳುತ್ತದೆ.

ಯುವಿ ದೀಪ

ಅತಿನೇರಳೆ (ಯುವಿ) ಬೆಳಕಿನಿಂದ ವೈರಸ್ ಕೊಲ್ಲುವುದು ಹೊಸದಲ್ಲ. ವಿಲಿಯಂ ವೆಲ್ಸ್ ಎಂಬವರು 1937ರಿಂದಲೇ ಫಿಲಡೆಲ್ಫಿಯಾ ಸುತ್ತಲಿನ ಶಾಲೆಗಳ ತರಗತಿಗಳಲ್ಲಿ, ಮಕ್ಕಳ ತಲೆಗಿಂತ ಮೇಲೆ ಬೆಳಕು ಬೀಳುವಂತೆ ಯುವಿ ದೀಪ ಹಾಕಿಸಿದ್ದರು. 1941ರ ದಡಾರದ ಹಾವಳಿಯಲ್ಲಿ ದೀಪವಿದ್ದ ತರಗತಿಗಳಲ್ಲಿ ಕಾಯಿಲೆ ಬಿದ್ದ ಮಕ್ಕಳು ಕಡಿಮೆ. ಕ್ಷಯಕ್ಕೂ ಇದು ಪರೀಕ್ಷೆಯಾಗಿದೆ. ಹಳೆಯ ಕಟ್ಟಳೆ: 200 ಚದರ ಅಡಿಗೆ 30 ವಾಟ್‌ನ ಒಂದು ದೀಪ, ಏಳಡಿ ಎತ್ತರಕ್ಕೆ, ಬೆಳಕು ಮೇಲ್ಭಾಗದಲ್ಲೇ ಅಡ್ಡಡ್ಡ ಹೋಗುವಂತೆ. ಫ್ಯಾನ್ ಕೆಳಗಿನ ಗಾಳಿಯನ್ನು ಮೇಲಕ್ಕೆ ಕಳಿಸುತ್ತಿರಬೇಕು. ಕರೆಂಟ್ ಕಡಿಮೆ, ಸದ್ದಿಲ್ಲ, ದೊಡ್ಡ ಎತ್ತರದ ಹಾಲ್‌ಗೆ ಹೆಪಾಕ್ಕಿಂತ ಚೆನ್ನ.

ಆದರೆ ಇದನ್ನು ನೀವೇ ಹಾಕಿಕೊಳ್ಳಬೇಡಿ. 254 ನ್ಯಾನೋಮೀಟರಿನ ಆ ಬೆಳಕು ಕಣ್ಣಿಗೆ ಬಿದ್ದರೆ ಕೆಲವು ಗಂಟೆ ಬಿಟ್ಟು ಮರಳು ಹೊಕ್ಕಂತೆ ಉರಿ. 2020ರಲ್ಲಿ ಬರಿ ಟ್ಯೂಬನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಮಾರಿದರಲ್ಲ, ಅದನ್ನು ಜನ ಇರುವಾಗ ಹಚ್ಚುವಂತೆಯೇ ಇಲ್ಲ. ಖಾಲಿ ಕೋಣೆಯಲ್ಲಿ ಹಚ್ಚಿ ಆರಿಸಿದ ಮೇಲೆ ಮೊದಲ ರೋಗಿ ಕೆಮ್ಮಿದರೆ ಕಥೆ ಮತ್ತೆ ಶುರು. ಡಕ್ಟ್ ಒಳಗೆ ಕೂರಿಸುವುದು ಸುರಕ್ಷಿತ. ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ನ ಚಂಡೀಗಡ ಪ್ರಯೋಗಾಲಯ ಅಭಿವೃದ್ಧಿಪಡಿಸಿದ ಅಂಥದೊಂದನ್ನು 2021ರಲ್ಲಿ ಸಂಸತ್ ಭವನದಲ್ಲಿ ಅಳವಡಿಸಲಾಯಿತು. ಕಣ್ಣಿಗೆ ಅಷ್ಟು ಅಪಾಯವಿಲ್ಲದ 222 ನ್ಯಾನೋಮೀಟರಿನ ದೀಪಗಳೂ ಈಗ ಬಂದಿವೆ, ಬೆಲೆ ಜಾಸ್ತಿ, ಸ್ವಲ್ಪ ಓಜೋನ್ ಹುಟ್ಟಿಸುತ್ತವೆ. ಗಾಳಿಯಾಡದ ಸಣ್ಣ ಕೋಣೆಗೆ ನಾನು ಹೇಳುವುದಿಲ್ಲ.

ಉಳಿದವು

ಓಜೋನ್ ಬಿಡುವ ಯಂತ್ರ: ಜನ ಇರುವ ಕೋಣೆಗೆ ತರಲೇಬೇಡಿ, ಶ್ವಾಸಕೋಶಕ್ಕೆ ಕೆಟ್ಟದ್ದು. ಅಯಾನೈಸರ್ (ಗಾಳಿಗೆ ವಿದ್ಯುದಾವೇಶದ ಕಣ ಬಿಡುವ ಯಂತ್ರ): ಗಂಟೆಗೆ ಎಷ್ಟು ಘನ ಮೀಟರ್ ಎಂದು ಕೇಳಿ, ಉತ್ತರ ಬರುವುದಿಲ್ಲ. ರೂಮ್ ಹೀಟರ್: ಕಾದ ತಂತಿಯ ಹತ್ತಿರ ಗಾಳಿ ನಿಲ್ಲುವುದು ಕಣ್ಣು ಮಿಟುಕಿಸುವಷ್ಟು ಹೊತ್ತೂ ಅಲ್ಲ, ಕೋಣೆ 35 ಡಿಗ್ರಿ ಆದರೆ ಬೆವರುವುದು ನೀವು, ವೈರಸ್ ಅಲ್ಲ. ಹಬೆ ತೆಗೆದುಕೊಳ್ಳುವುದು ಮೂಗಿಗೆ ಹಿತ, ಅಷ್ಟೇ. ಎರಡನೇ ಅಲೆಯಲ್ಲಿ ಕುಕ್ಕರ್ ಮೂತಿಗೆ ಪೈಪ್ ಸಿಕ್ಕಿಸಿದ ವಿಡಿಯೋಗಳು ಓಡಾಡಿದ್ದವು. ವೈರಸ್ ಬೇಯುವಷ್ಟು ಬಿಸಿ ಹಬೆ ಎಳೆದರೆ ಮೊದಲು ಬೇಯುವುದು ನಮ್ಮ ಗಂಟಲು. ಕರ್ಪೂರ, ಧೂಪ: ಊದುಬತ್ತಿಯ ಹಾಗೆ ಗಾಳಿಯ ದಾರಿ ನೋಡಲು ಬಳಸಿ.

ಯಾರಿಗೆ ಯಾವುದು

ಕಿಟಕಿ ಇರುವ ಮನೆ, ತರಗತಿ, ಸಣ್ಣ ಕಚೇರಿ: ಕಿಟಕಿ, ಎದುರುಬದುರು ದಾರಿ, ಎಕ್ಸಾಸ್ಟ್. ತರಗತಿಗೆ ಅಮೆರಿಕದ ಎಸಿ-ಗಾಳಿಯಾಟದ ಎಂಜಿನಿಯರುಗಳ ಸಂಘ ಆಶ್ರೇ 2023ರಲ್ಲಿ ತಲೆಗೆ ಸೆಕೆಂಡಿಗೆ 20 ಲೀಟರ್ ಎಂದಿದೆ, ನಲವತ್ತು ಮಕ್ಕಳ ಟ್ಯೂಷನ್ ಕೋಣೆಗೆ ಆ ಲೆಕ್ಕ ಗಂಟೆಗೆ 2,880 ಘನ ಮೀಟರ್. ಒಂದು ಪ್ಯೂರಿಫೈಯರ್ ತಂದಿಟ್ಟು ಕೈ ತೊಳೆದುಕೊಳ್ಳುವ ಕೋಣೆ ಅದಲ್ಲ, ದೊಡ್ಡ ಎಕ್ಸಾಸ್ಟ್ ಫ್ಯಾನುಗಳೇ ಬೇಕು. ಎಸಿ ಹಾಕಿ ಮುಚ್ಚಿದ ಕೋಣೆ: ಹೆಪಾ, ಜೊತೆಗೆ ಒಂದು ಸಣ್ಣ ಎಕ್ಸಾಸ್ಟ್. ಎತ್ತರದ ಚಾವಣಿಯ ಆಸ್ಪತ್ರೆ ಹಾಲ್: ಮೇಲ್ಭಾಗದ ಯುವಿ, ತಿಳಿದವರಿಂದ ಹಾಕಿಸಿ, ಮೀಟರಿನಿಂದ ಅಳೆಸಿ. ಅಪಾಯದ ಸೂಕ್ಷ್ಮಾಣು ಸಾಕುವ ಪ್ರಯೋಗಾಲಯದಿಂದ ಹೊರಬಿಡುವ ಗಾಳಿ, ಖಾಲಿ ವಾಹನ, ಪುಕ್ಕಟೆ ಬಿಸಿ ಇರುವ ಕಾರ್ಖಾನೆ: ಅಲ್ಲಿ ಬಿಸಿಗಾಳಿಯ ಮಾತಾಡೋಣ. ಅಲ್ಲಿ ಅದರ ಗುಣಗಳೂ ನಿಜ. ಹಿಡಿದಿಡದೆ ನಾಶವೇ ಮಾಡುತ್ತದೆ, ಎಸೆಯಲು ಕೊಳಕು ಫಿಲ್ಟರ್ ಉಳಿಯುವುದಿಲ್ಲ, ದೀಪದ ಪಾದರಸವಿಲ್ಲ.

ಕ್ಲಿನಿಕ್‌ನಲ್ಲಿ ಕೊನೆಗೆ ಮುಂಗೋಣೆಗೆ ಎಕ್ಸಾಸ್ಟ್ ಮತ್ತು ಜಾಲರಿ, ಒಳಗಿನ ಎಸಿ ಕೋಣೆಗೆ 400 ಸಿಎಡಿಆರ್‌ನ ಹೆಪಾ ಬಂತು. ಡ್ರಿಲ್ ತಿರುಗುವಾಗ ನೀರಿನ ತುಂತುರು ಹಾರುವುದು ಅಲ್ಲೇ. ಬಿಸಿಯ ಡಬ್ಬಿಯನ್ನು ಆ ಮಾರುವವನು ಬಂದು ತೆಗೆದುಕೊಂಡು ಹೋದ, ಜಗಳವಿಲ್ಲದೆ. ಒಂದು ತಿಂಗಳು ಬಿಟ್ಟು ಹೋದಾಗ ಹೆಪಾ ಕೆಳಗಿನ ವೇಗದಲ್ಲಿ ಓಡುತ್ತಿತ್ತು. "ಜೋರಾಗಿ ಇಟ್ರೆ ಪೇಷಂಟ್ ಹೇಳೋದು ಕೇಳ್ಸಲ್ಲ ಅಣ್ಣ" ಎಂದಳು. ಸಿಎಡಿಆರ್ ಎಂದು ಡಬ್ಬದ ಮೇಲೆ ಬರೆಯುವುದು ಸಾಮಾನ್ಯವಾಗಿ ಪೂರ್ತಿ ವೇಗದ ಅಂಕಿ. ಕೆಳಗಿನ ವೇಗದಲ್ಲಿ ಅದರರ್ಧವೂ ಬರದಿರಬಹುದು. ಈಗ ರೋಗಿ ಕುರ್ಚಿಯಲ್ಲಿದ್ದಾಗ ನಡುವಿನ ವೇಗ, ಎದ್ದುಹೋದ ಮೇಲೆ ಮುಂದಿನವರನ್ನು ಕರೆಯುವವರೆಗೆ ಪೂರ್ತಿ. ಕೊಳ್ಳುವಾಗಲೇ ಬೇಕಾದ್ದಕ್ಕಿಂತ ಎರಡು ಪಟ್ಟು ಸಿಎಡಿಆರ್ ಇರುವುದನ್ನು ತಂದು ನಡುವಿನ ವೇಗದಲ್ಲಿ ಓಡಿಸಿ.